ಯುದ್ಧ ನೋಡದವನು ಬರೆದ ಯುದ್ಧ

ನಮ್ಮ ದೊಡ್ಡಪ್ಪ ಎಂ.ಇ.ಜಿ.ಯಲ್ಲಿದ್ದರು. ಹಲಸೂರು ಕೆರೆ ಪಕ್ಕದ ಆ ಕ್ಯಾಂಪಿನಿಂದ ಹೊರಟು, 1971ರಲ್ಲಿ ಪೂರ್ವ ಪಾಕಿಸ್ತಾನದ ಕಡೆ ಸೇತುವೆ ಕಟ್ಟೋಕೆ ಹೋದ 'ತಂಬಿ'ಗಳಲ್ಲಿ ಅವರೂ ಒಬ್ಬರು. ಬೇಸಿಗೆ ರಜೆಗೆ ಊರಿಗೆ ಹೋದಾಗ ನಾವು ಹುಡುಗರೆಲ್ಲ ಜಗಲಿ ಮೇಲೆ ಅವರನ್ನು ಮುತ್ತಿಕೊಂಡು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. "ದೊಡ್ಡಪ್ಪ, ಎಷ್ಟು ಜನಾನ ಹೊಡೆದ್ರಿ?"

ಅವರು ಎಲೆ ಅಡಿಕೆ ಜಗಿಯುತ್ತಾ, "ಹೋಗ್ರೋ, ವಾರಗಟ್ಟಲೆ ಕಾಲು ಒದ್ದೆಯಾಗೇ ಇತ್ತು. ಸಾಕ್ಸ್ ಬಿಚ್ಚಿದ್ರೆ ಚರ್ಮಾನೂ ಕಿತ್ಕೊಂಡು ಬರ್ತಿತ್ತು" ಅನ್ನೋರು. ಅಷ್ಟೇ. ನಮಗೆ ಭಾರೀ ನಿರಾಸೆ. ಟ್ಯಾಂಕು, ಬಾಂಬು, ಧ್ವಜ ಇವೆಲ್ಲ ಬೇಕಾಗಿದ್ದ ನಮಗೆ ಸಿಕ್ಕಿದ್ದು ಒದ್ದೆ ಸಾಕ್ಸು.

ಇದೆಲ್ಲ ನೆನಪಾಗಿದ್ದು ಜಾನ್ ಕೀಗನ್ ಬರೆದ 'ದಿ ಫೇಸ್ ಆಫ್ ಬ್ಯಾಟಲ್' ಓದುವಾಗ. 1976ರಲ್ಲಿ ಬಂದ ಪುಸ್ತಕ. ಕಳೆದ ಸಲ ಗಡಿಯಲ್ಲಿ ಗಲಾಟೆಯಾದಾಗ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಜನರಲ್‌ಗಳಾಗಿಬಿಟ್ಟಿದ್ದರು. ಯಾವ ಕ್ಷಿಪಣಿ ಎಷ್ಟು ಕಿಲೋಮೀಟರ್ ಹೋಗುತ್ತೆ, ಎಲ್ಲಿ ಹೊಡೆದರೆ ಏನಾಗುತ್ತೆ ಅಂತ ನಾನೂ ಎರಡು ಮ್ಯಾಪು ಫಾರ್ವರ್ಡ್ ಮಾಡಿದ್ದೆ. ಸುಳ್ಳು ಯಾಕೆ ಹೇಳಲಿ, ಮಾಡಿದ್ದೆ. ಆಮೇಲೆ ಒಂದು ಥರಾ ಮುಜುಗರವಾಗಿ, ಯುದ್ಧದ ಬಗ್ಗೆ ನಿಜಕ್ಕೂ ಬಲ್ಲವರು ಏನು ಬರೆದಿದ್ದಾರೆ ನೋಡೋಣ ಅಂತ ಈ ಪುಸ್ತಕ ತರಿಸಿಕೊಂಡೆ. ಮೊದಲ ವಾಕ್ಯದಲ್ಲೇ ಲೇಖಕರು ಒಪ್ಪಿಕೊಂಡುಬಿಡುತ್ತಾರೆ: ತಾನು ಯಾವತ್ತೂ ಒಂದು ಕದನದಲ್ಲಿ ಇದ್ದವನಲ್ಲ, ಹತ್ತಿರದಿಂದ ಕಂಡವನೂ ಅಲ್ಲ, ದೂರದಿಂದ ಅದರ ಸದ್ದು ಕೇಳಿದವನೂ ಅಲ್ಲ ಅಂತ. ಬ್ರಿಟಿಷ್ ಸೇನೆಯ ಅಧಿಕಾರಿಗಳಿಗೆ ಯುದ್ಧದ ಇತಿಹಾಸ ಪಾಠ ಮಾಡುತ್ತಿದ್ದ ಮನುಷ್ಯ ಹೀಗಂದರೆ ಹೇಗಿರಬೇಡ! ಪುಸ್ತಕ ಕೆಳಗಿಡೋಕೆ ಆಗಲಿಲ್ಲ. ಮುಗಿಸಿದ ಮೇಲೆ ಈ ಮನುಷ್ಯ ಯಾರು, ಎಲ್ಲಿಂದ ಬಂದವರು ಅಂತ ಹುಡುಕಿಕೊಂಡು ಹೋದೆ.

ಕೀಗನ್ ಹುಟ್ಟಿದ್ದು 1934ರ ಮೇ 15ರಂದು, ಲಂಡನ್ನಿನ ಕ್ಲ್ಯಾಪಮ್‌ನಲ್ಲಿ. ಐರಿಷ್ ಮೂಲದ ಕ್ಯಾಥೊಲಿಕ್ ಮನೆ. ಅಪ್ಪ ಮೊದಲ ಮಹಾಯುದ್ಧದಲ್ಲಿ ಫಿರಂಗಿ ಪಡೆಯಲ್ಲಿದ್ದವರು, ಆಮೇಲೆ ಶಾಲಾ ಇನ್‌ಸ್ಪೆಕ್ಟರ್ ಆದರು. ಎರಡನೇ ಮಹಾಯುದ್ಧ ಶುರುವಾದಾಗ ಲಂಡನ್ನಿನ ಮಕ್ಕಳನ್ನೆಲ್ಲ ಬಾಂಬಿನಿಂದ ಪಾರುಮಾಡಲು ಹಳ್ಳಿಗಳಿಗೆ ಕಳಿಸಿದರಲ್ಲ, ಆ ಮಕ್ಕಳ ಶಾಲೆಗಳನ್ನು ನೋಡಿಕೊಳ್ಳುವ ಕೆಲಸ ಅಪ್ಪನಿಗೆ ಬಿತ್ತು. ಹೀಗಾಗಿ ಇಡೀ ಸಂಸಾರ ಇಂಗ್ಲೆಂಡಿನ ಪಶ್ಚಿಮದ ಹಸಿರು ಹಳ್ಳಿಗಾಡಿಗೆ, ಟಾಂಟನ್ ಕಡೆಗೆ ಹೋಯಿತು.

ಅಲ್ಲಿ ಹುಡುಗನಿಗೆ ಯುದ್ಧ ಅಂದರೆ ಹಬ್ಬ. 'ಸಿಕ್ಸ್ ಆರ್ಮೀಸ್ ಇನ್ ನಾರ್ಮಂಡಿ' ಪುಸ್ತಕದ ಆರಂಭದಲ್ಲಿ ಆ ದಿನಗಳನ್ನು ಅವರೇ ಬರೆದುಕೊಂಡಿದ್ದಾರೆ. ಅಮೆರಿಕದ ಸೈನಿಕರು ಜೀಪುಗಳಲ್ಲಿ ಬಂದು ಇಳಿಯೋದು, ಮಕ್ಕಳಿಗೆ ಸಿಹಿ ಹಂಚೋದು, ದಿನಾ ಬೆಳಗಾದರೆ ಹೊಸ ಹೊಸ ಯಂತ್ರಗಳು. 1944ರ ಜೂನ್‌ನ ಒಂದು ರಾತ್ರಿ ಆಕಾಶದ ತುಂಬ ವಿಮಾನಗಳ ಮೊರೆತ. ಬೆಳಗಾಗುವಷ್ಟರಲ್ಲಿ ಅವರೆಲ್ಲ ಸಮುದ್ರದಾಚೆ ಫ್ರಾನ್ಸಿನಲ್ಲಿದ್ದರು. ಹತ್ತು ವರ್ಷದ ಹುಡುಗ ಈಚೆ ದಡದಲ್ಲೇ ಉಳಿದ.

ಈಚೆ ದಡದಲ್ಲಿ ಉಳಿಯೋದು ಮುಂದೆ ಅವರ ಹಣೆಬರಹವೇ ಆಯಿತು. ಹದಿಮೂರನೇ ವಯಸ್ಸಿಗೆ ಮೂಳೆಯ ಕ್ಷಯ ಬಂತು. ವರ್ಷಗಟ್ಟಲೆ ಆಸ್ಪತ್ರೆ ವಾಸ. ಉಳಿದ ಮಕ್ಕಳು ಶಾಲೆಯ ಮೈದಾನದಲ್ಲಿ ಓಡುವ ವಯಸ್ಸಿನಲ್ಲಿ ಇವರು ವಾರ್ಡಿನ ಮಂಚದ ಮೇಲೆ. ಕಾಯಿಲೆ ವಾಸಿಯಾಯಿತು, ಕಾಲು ಮಾತ್ರ ಕುಂಟಾಗಿಯೇ ಉಳಿಯಿತು. ಆಗ ಬ್ರಿಟನ್ನಿನಲ್ಲಿ ಹುಡುಗರಿಗೆಲ್ಲ ಸೈನ್ಯದ ಸೇವೆ ಕಡ್ಡಾಯ. ವೈದ್ಯರು ಇವರನ್ನು ಮಾತ್ರ ಪಕ್ಕಕ್ಕೆ ನಿಲ್ಲಿಸಿದರು. 1953ರಲ್ಲಿ ಆಕ್ಸ್‌ಫರ್ಡ್‌ನ ಬೇಲಿಯಲ್ ಕಾಲೇಜಿಗೆ ಸೇರಿದಾಗ ಸುತ್ತಮುತ್ತ ಇದ್ದ ಹುಡುಗರಲ್ಲಿ ಎಷ್ಟೋ ಜನ ಸೇನೆಯ ಸೇವೆ ಮುಗಿಸಿ, ದೇಶ ಸುತ್ತಿ ಬಂದವರು. ಅಪ್ಪ ಸೈನಿಕ, ಗೆಳೆಯರು ಸೈನಿಕರು, ಮುಂದೆ ಸಿಕ್ಕ ಮಾವನೂ ಹಳೇ ಸೈನಿಕರೇ. ಮಧ್ಯದಲ್ಲಿ ಇವರೊಬ್ಬರು ಕುಂಟುತ್ತಾ ನಡೆಯುವವರು.

ಬೇಲಿಯಲ್‌ನಲ್ಲೇ ಸಿಕ್ಕ ಗೆಳೆಯ ಮಾರಿಸ್ ಕೀನ್. ಮುಂದೆ ಮಧ್ಯಯುಗದ ಸೇನಾನಿಗಳ ಬಗ್ಗೆ, ಅವರ ಮರ್ಯಾದೆಯ ಕಟ್ಟಳೆಗಳ ಬಗ್ಗೆ 'ಶಿವಲ್ರಿ' ಅನ್ನೋ ದೊಡ್ಡ ಪುಸ್ತಕ ಬರೆದವರು. ಕೀಗನ್ ಅವರ ತಂಗಿ ಮೇರಿಯನ್ನು ಮದುವೆಯಾಗಿ ಬಾವಮೈದುನರೂ ಆದರು. ಆ ಮನೆಯ ಊಟದ ಮೇಜಿನ ಮೇಲೆ ಯಾವ ಮಾತು ನಡೆಯುತ್ತಿತ್ತೋ ಊಹಿಸಿಕೊಳ್ಳಿ.

1960ರಲ್ಲಿ ಸ್ಯಾಂಡ್‌ಹರ್ಸ್ಟ್ ಮಿಲಿಟರಿ ಅಕಾಡೆಮಿಯಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತು. ಅಲ್ಲಿ 26 ವರ್ಷ. ಎದುರಿಗೆ ಕೂತ ಹುಡುಗರು ಇನ್ನು ಕೆಲವೇ ತಿಂಗಳಲ್ಲಿ ಗುಂಡಿಗೆ ಎದೆಯೊಡ್ಡಬೇಕಾದವರು. ಸಹೋದ್ಯೋಗಿಗಳಲ್ಲಿ ಕೆಲವರ ಎದೆ ತುಂಬ ಪದಕ. ಆ ಹುಡುಗರ ಮನಸ್ಸಿನಲ್ಲಿ ಇರೋದು, ಆದರೆ ಯಾರೂ ಬಾಯಿಬಿಟ್ಟು ಕೇಳದಿರೋದು ಒಂದೇ ಪ್ರಶ್ನೆ ಅಂತ ಕೀಗನ್‌ಗೆ ಹೊಳೆಯಿತು. ಅಲ್ಲಿ ಹೇಗಿರುತ್ತೆ? ನಾನು ಹೆದರಿ ಓಡಿಬಿಡ್ತೀನಾ? ಅವರ ಕೈಯಲ್ಲಿದ್ದ ಪಠ್ಯಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅಲ್ಲಿ ಇದ್ದದ್ದೆಲ್ಲ 'ಬಲಪಾರ್ಶ್ವ ಮುನ್ನುಗ್ಗಿತು, ಎಡಪಾರ್ಶ್ವ ಹಿಮ್ಮೆಟ್ಟಿತು' ಅನ್ನುವ ಥರದ ಮಾತು. ಮೇಲಿನಿಂದ ನೋಡಿದ ಚದುರಂಗ.

'ದಿ ಫೇಸ್ ಆಫ್ ಬ್ಯಾಟಲ್' ಹುಟ್ಟಿದ್ದು ಇಲ್ಲಿಂದ. ಮೂರೇ ಕದನ: 1415ರ ಅಜಿನ್‌ಕೋರ್ಟ್, 1815ರ ವಾಟರ್ಲೂ, 1916ರ ಸೋಮ್. ಮೂರೂ ಜಾಗ ಒಂದೇ ದಿನದ ಕಾರು ಪ್ರಯಾಣದಲ್ಲಿ ನೋಡಿ ಮುಗಿಸುವಷ್ಟು ಹತ್ತಿರ. ಯಾರು ಗೆದ್ದರು, ಯಾಕೆ ಗೆದ್ದರು ಅನ್ನೋದಕ್ಕಿಂತ ಅಲ್ಲಿ ನಿಂತವನಿಗೆ ಏನು ಕಾಣಿಸಿತು, ಏನು ಕೇಳಿಸಿತು, ಹೊಟ್ಟೆಗೆ ಏನಿತ್ತು, ಓಡಿಹೋಗದೆ ಯಾಕೆ ನಿಂತ ಅನ್ನೋದು ಈ ಪುಸ್ತಕದ ಪ್ರಶ್ನೆ.

ಅಜಿನ್‌ಕೋರ್ಟ್ ಅಧ್ಯಾಯ ನೋಡಿ. ಫ್ರೆಂಚರ ಸಂಖ್ಯೆ ಜಾಸ್ತಿ, ಸೋತದ್ದು ಅವರೇ. ರಾತ್ರಿಯಿಡೀ ಮಳೆ ಸುರಿದು ಉತ್ತ ಹೊಲ ಕೆಸರಾಗಿದೆ. ಎರಡೂ ಕಡೆ ಕಾಡು, ಮುಂದೆ ಹೋದಷ್ಟೂ ಜಾಗ ಕಿರಿದು. ಮೈತುಂಬ ಲೋಹದ ಕವಚ ತೊಟ್ಟವರು ಮುಂದೆ, ಅವರನ್ನು ಹಿಂದಿನಿಂದ ತಳ್ಳುವವರು ಇನ್ನಷ್ಟು. ಮುಂದಿನ ಸಾಲಿನವರಿಗೆ ಕತ್ತಿ ಬೀಸೋಕೆ ಕೈ ಎತ್ತುವ ಜಾಗವಿಲ್ಲ. ಬಿದ್ದವನು ಏಳೋ ಹಾಗಿಲ್ಲ, ಅವನ ಮೇಲೆ ಇನ್ನೊಬ್ಬ ಬೀಳುತ್ತಾನೆ. ಬೆಳಿಗ್ಗೆ ಒಂಬತ್ತಕ್ಕೆ ಮೆಜೆಸ್ಟಿಕ್ ಮೆಟ್ರೋ ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರ್ಮ್ ಬದಲಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಳೆಯ ವರದಿಗಾರರು ಹೆಣಗಳ ರಾಶಿ ಆಳೆತ್ತರಕ್ಕಿಂತ ಮೇಲಿತ್ತು ಅಂತ ಬರೆದಿದ್ದನ್ನು ಕೀಗನ್ ಕೂತು ಲೆಕ್ಕ ಹಾಕುತ್ತಾರೆ. ಮನುಷ್ಯನ ದೇಹ ಹಾಗೆ ಒಂದರ ಮೇಲೊಂದು ನಿಲ್ಲೋಲ್ಲ, ಜಾರುತ್ತೆ. ಅದೂ ಅಲ್ಲದೆ ಅಷ್ಟೆತ್ತರದ ರಾಶಿ ಹತ್ತಿಕೊಂಡು ಯಾರೂ ಕಾದಾಡೋಕೆ ಸಾಧ್ಯವಿಲ್ಲ ಅಂತ. ಓದುವಾಗ ಹೊಟ್ಟೆ ತೊಳಸುತ್ತೆ. ಆದರೆ ಈ ಲೆಕ್ಕದಲ್ಲಿ ಸತ್ತವರ ಬಗ್ಗೆ ಇರುವ ಗೌರವ, ಅವರನ್ನು ಉಪಮೆ ಮಾಡಿ ಅಲಂಕಾರಕ್ಕೆ ಬಳಸುವ ಬರಹಗಳಲ್ಲಿ ಇಲ್ಲ.

ವಾಟರ್ಲೂ ಹಿಂದಿನ ರಾತ್ರಿಯೂ ಮಳೆ. ನಿದ್ದೆಯಿಲ್ಲ, ಸರಿಯಾದ ಊಟವಿಲ್ಲ, ಮೈಮೇಲಿನ ಬಟ್ಟೆ ತೊಪ್ಪೆ. ಬೆಳಗಾದರೆ ಹೊಗೆ, ನಾಲ್ಕು ಮಾರು ಆಚೆ ಏನಿದೆ ಕಾಣದು. ನೆಪೋಲಿಯನ್ನನನ್ನು ಸೋಲಿಸಿದ ಸೈನ್ಯ ಅಂದರೆ ಇದು. ಇಲ್ಲಿ ಬಂದಾಗ ನಾನು ಪುಸ್ತಕ ಮಡಚಿಟ್ಟು ಸುಮ್ಮನೆ ಕೂತೆ. ದೊಡ್ಡಪ್ಪ ನಮಗೆ ಹೇಳಿದ್ದು ಇದನ್ನೇ ತಾನೆ? ಅವರು ಪ್ರಶ್ನೆ ತಪ್ಪಿಸಿಕೊಳ್ಳುತ್ತಿದ್ದಾರೆ ಅಂದುಕೊಂಡಿದ್ದೆ. ಅವರು ಉತ್ತರ ಕೊಟ್ಟಿದ್ದರು.

ಇನ್ನು ಸೋಮ್. 1916ರ ಜುಲೈ 1, ಬಿಸಿಲಿನ ಬೆಳಗು. ಅದಕ್ಕೂ ಮುಂಚೆ ವಾರವಿಡೀ ಸುಮಾರು 15 ಲಕ್ಷ ಶೆಲ್‌ಗಳನ್ನು ಸುರಿದಿದ್ದಾರೆ, ಆಚೆ ಕಡೆ ಯಾರೂ ಉಳಿದಿರೋಲ್ಲ ಅಂತ ನಂಬಿಕೆ. ಬೆನ್ನಿಗೆ 30 ಕೆ.ಜಿ. ಭಾರ ಹೊತ್ತು ಹುಡುಗರು ನಡೆದುಕೊಂಡು ಹೋಗುತ್ತಾರೆ. ಮುಳ್ಳುತಂತಿ ಹಾಗೇ ಇದೆ. ಜರ್ಮನ್ನರು ನೆಲದಡಿಯಿಂದ ಮೇಲೆ ಬಂದು ಮೆಷಿನ್‌ಗನ್ ಹೂಡುತ್ತಾರೆ. ಒಂದೇ ದಿನ ಬ್ರಿಟಿಷ್ ಪಡೆಯಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 57,000. ಅದರಲ್ಲಿ ಸತ್ತವರೇ 19,000ಕ್ಕೂ ಹೆಚ್ಚು. ಒಂದೇ ಊರಿನ, ಒಂದೇ ಫ್ಯಾಕ್ಟರಿಯ ಗೆಳೆಯರು ಒಟ್ಟಿಗೆ ಹೆಸರು ಕೊಟ್ಟು ಸೇರಿದ್ದ ಪಡೆಗಳಿದ್ದವು. ಅವರು ಒಟ್ಟಿಗೇ ಸತ್ತರು.

ಈ ಪುಸ್ತಕದಲ್ಲಿ ನನ್ನನ್ನು ತುಂಬ ಹಿಡಿದು ನಿಲ್ಲಿಸಿದ್ದು ಗಾಯಾಳುಗಳ ಬಗ್ಗೆ ಬರುವ ಭಾಗಗಳು. ಯಾವ ಆಯುಧ ಯಾವ ಥರದ ಗಾಯ ಮಾಡುತ್ತೆ, ಬಿದ್ದವನು ಎಷ್ಟು ಹೊತ್ತು ಬಿದ್ದಿರುತ್ತಾನೆ, ಯಾರು ಎತ್ತಿಕೊಂಡು ಹೋಗುತ್ತಾರೆ, ಬದುಕುವ ಆಸೆಯಿಲ್ಲದವರನ್ನು ವೈದ್ಯರು ಬೇರೆ ಸಾಲಿಗೆ ಹಾಕುವಾಗ ಆ ಸಾಲಿನಲ್ಲಿ ಏನು ನಡೆಯುತ್ತೆ. ಉಳಿದ ಯುದ್ಧ ಇತಿಹಾಸಗಳಲ್ಲಿ ಗಾಯಾಳುಗಳು ಅಂದರೆ ಕೊನೆಯಲ್ಲಿ ಬರುವ ಒಂದು ಅಂಕಿ. ಕೀಗನ್ ಹತ್ತಿರ ಅವರಿಗೆ ಹಾಸಿಗೆಯಿದೆ, ನೋವಿದೆ, ಕಾಯುವ ಹೊತ್ತಿದೆ. ಹದಿಹರೆಯವನ್ನೆಲ್ಲ ವಾರ್ಡಿನಲ್ಲಿ ಕಳೆದವನಿಗೆ ಮಾತ್ರ ಈ ಕಣ್ಣು ಬರುತ್ತೇನೋ ಅನ್ನಿಸ್ತು.

ಹಾಗಂತ ಬದುಕಿನಿಂದ ಪುಸ್ತಕಕ್ಕೆ ಗೆರೆ ಎಳೆಯೋದು ಅಪಾಯದ ಕೆಲಸ. ಆ ಕಾಲದಲ್ಲಿ ಕ್ಷಯ ಬಂದು ಕಾಲು ಕುಂಟಾದವರು ಸಾವಿರಾರು. ಅವರೆಲ್ಲ 'ದಿ ಫೇಸ್ ಆಫ್ ಬ್ಯಾಟಲ್' ಬರೆಯಲಿಲ್ಲ. ಹದಿನಾರು ವರ್ಷ ಆ ಹುಡುಗರ ಎದುರು ನಿಂತು ಪಾಠ ಮಾಡಿದ್ದು, ಹಳೆಯ ದಾಖಲೆಗಳನ್ನು ಜಾಲಾಡಿದ್ದು, ಇದೂ ಮುಖ್ಯ. ಕಾಲಿನ ಕಥೆ ಹೇಳಿ ಈ ದುಡಿಮೆಯನ್ನು ಮರೆಸಬಾರದು.

ಆದರೆ ಅದೇ ಗೆರೆಯನ್ನು ಇನ್ನೊಂದು ಕಡೆಗೂ ಎಳೆಯಬೇಕಾಗುತ್ತೆ. ಕೀಗನ್ ಅವರ ಬಲ ಎಲ್ಲಿಂದ ಬಂತೋ ದೌರ್ಬಲ್ಯವೂ ಅಲ್ಲಿಂದಲೇ ಬಂತು ಅನ್ನೋದು ನನ್ನ ಅನುಮಾನ. ಅವರಿಗೆ ಸೈನಿಕರ ಮೇಲೆ ವಿಪರೀತ ಪ್ರೀತಿ. 1993ರ 'ಎ ಹಿಸ್ಟರಿ ಆಫ್ ವಾರ್‌ಫೇರ್'ನಲ್ಲಿ ಸೈನಿಕರು ನಮ್ಮ ನಿಮ್ಮ ಹಾಗಲ್ಲ, ಅವರದು ಬೇರೆಯದೇ ಒಂದು ಲೋಕ ಅನ್ನುವ ಧಾಟಿಯಿದೆ. ಒಳಗೆ ಬಿಡದ ಮದುವೆ ಮನೆಯನ್ನು ಕಿಟಕಿಯಿಂದ ನೋಡುವವನ ಪ್ರೀತಿ ಅದು. ಒಳಗಿದ್ದವರಿಗೆ ಬಡಿಸೋ ಜಗಳ, ಲೆಕ್ಕಾಚಾರ, ಸಾಲ ಎಲ್ಲ ಗೊತ್ತಿರುತ್ತೆ. ಕಿಟಕಿಯಾಚೆ ನಿಂತವನಿಗೆ ದೀಪ ಮಾತ್ರ ಕಾಣಿಸುತ್ತೆ.

ಆ ಪುಸ್ತಕದಲ್ಲಿ ಅವರು ಕ್ಲಾಸ್‌ವಿಟ್ಸ್ ಜೊತೆ ದೊಡ್ಡ ಜಗಳಕ್ಕೆ ಇಳಿಯುತ್ತಾರೆ. ಯುದ್ಧ ಅಂದರೆ ರಾಜಕಾರಣದ್ದೇ ಮುಂದುವರಿಕೆ ಅನ್ನೋದು ತಪ್ಪು, ಯುದ್ಧ ಹುಟ್ಟೋದು ಸಂಸ್ಕೃತಿಯಿಂದ ಅನ್ನೋದು ಅವರ ವಾದ. ಇವರು ಕ್ಲಾಸ್‌ವಿಟ್ಸ್‌ನನ್ನು ಸರಿಯಾಗಿ ಓದಿಲ್ಲ ಅಂತ ವಿದ್ವಾಂಸರು ಆಗಲೇ ತಿರುಗಿಬಿದ್ದರು. ಅದು ಪಂಡಿತರ ಜಗಳ, ಇರ್ಲಿ. ನನಗೆ ಕಾಣಿಸುವ ತೊಂದರೆ ಬೇರೆ. ಯುದ್ಧದಿಂದ ರಾಜಕಾರಣವನ್ನು ತೆಗೆದುಬಿಟ್ಟರೆ, ಆ ಸೈನಿಕನನ್ನು ಅಲ್ಲಿಗೆ ಕಳಿಸಿದ್ದು ಯಾರು ಅನ್ನುವ ಪ್ರಶ್ನೆ ಕೇಳೋಕೆ ಜಾಗವೇ ಇರೋಲ್ಲ.

ಈ ತೊಂದರೆ ಮುಂದೆ ಬೆಳೀತಾ ಹೋಯಿತು. 1986ರಲ್ಲಿ ಸ್ಯಾಂಡ್‌ಹರ್ಸ್ಟ್ ಬಿಟ್ಟು 'ಡೈಲಿ ಟೆಲಿಗ್ರಾಫ್' ಪತ್ರಿಕೆಯ ರಕ್ಷಣಾ ವರದಿಗಾರರಾದರು. 2000ದಲ್ಲಿ ಸರ್ ಪದವಿ ಬಂತು. ಮಂತ್ರಿಗಳು, ಜನರಲ್‌ಗಳು ಹತ್ತಿರವಾದರು. 2003ರ ಇರಾಕ್ ಯುದ್ಧವನ್ನು ಬೆಂಬಲಿಸಿ ಬರೆದರು, ಮರುವರ್ಷವೇ ಅದರ ಬಗ್ಗೆ ಪುಸ್ತಕವನ್ನೂ ತಂದರು. ಆ ಪುಸ್ತಕದ ಕಣ್ಣು ಹೆಚ್ಚಾಗಿ ಕಮಾಂಡರ್‌ಗಳದ್ದು. ಅಜಿನ್‌ಕೋರ್ಟಿನ ಕೆಸರಲ್ಲಿ ಬಿದ್ದವನ ಮುಖ ಕಂಡವರಿಗೆ ಬಾಗ್ದಾದಿನ ಬೀದಿಯಲ್ಲಿ ಬಿದ್ದವನ ಮುಖ ಅಷ್ಟಾಗಿ ಕಾಣಲಿಲ್ಲ.

2001ರ ಅಕ್ಟೋಬರಿನಲ್ಲಿ ಬರೆದ ಒಂದು ಅಂಕಣವಂತೂ ನಮ್ಮಂಥವರಿಗೆ ಚುಚ್ಚುತ್ತೆ. ಪಾಶ್ಚಾತ್ಯರು ನಿಯಮಕ್ಕೆ ಬದ್ಧರಾಗಿ ಎದುರುಬದುರು ನಿಂತು ಕಾದಾಡುತ್ತಾರೆ, ಪೌರ್ವಾತ್ಯರದು ಹೊಂಚು, ಮೋಸ, ತಪ್ಪಿಸಿಕೊಳ್ಳುವ ರೀತಿ ಅನ್ನೋದು ಅದರ ಸಾರ. ಇದರ ಬೀಜ 'ಎ ಹಿಸ್ಟರಿ ಆಫ್ ವಾರ್‌ಫೇರ್'ನಲ್ಲೇ ಇತ್ತು. ಅಲ್ಲಿ ಪೂರ್ವದವರ ಸಂಯಮದ ಬಗ್ಗೆ ಮೆಚ್ಚುಗೆಯೂ ಇತ್ತು. ಸಿಟ್ಟಿನ ಹೊತ್ತಿನಲ್ಲಿ ಮೆಚ್ಚುಗೆ ಉದುರಿ ಆರೋಪ ಮಾತ್ರ ಉಳಿಯಿತು.

ಇದಕ್ಕೆ ಉತ್ತರ ಹುಡುಕೋಕೆ ನಾವು ದೂರ ಹೋಗಬೇಕಿಲ್ಲ. ಮೈಸೂರು ರಸ್ತೆ ಹಿಡಿದರೆ ಸಾಕು. ಕೀಗನ್ 'ದಿ ಮಾಸ್ಕ್ ಆಫ್ ಕಮಾಂಡ್'ನಲ್ಲಿ ಆರಿಸಿಕೊಂಡ ನಾಲ್ವರು ನಾಯಕರಲ್ಲಿ ವೆಲಿಂಗ್ಟನ್ ಒಬ್ಬ. ಆತ ಇನ್ನೂ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಆಗಿದ್ದಾಗ, 1799ರ ಏಪ್ರಿಲ್ 5ರ ರಾತ್ರಿ, ಶ್ರೀರಂಗಪಟ್ಟಣದ ಹತ್ತಿರ ಸುಲ್ತಾನ್‌ಪೇಟೆ ತೋಪಿನ ಮೇಲೆ ಕತ್ತಲಲ್ಲಿ ದಾಳಿ ಮಾಡಿ, ದಾರಿ ತಪ್ಪಿ, ಕೈಸುಟ್ಟುಕೊಂಡು ವಾಪಸಾದ. ಹಗಲು ಹೊತ್ತು ಜಾಗ ನೋಡಿಕೊಳ್ಳದೆ, ಸಜ್ಜಾಗಿ ಕೂತ ಶತ್ರುವಿನ ಮೇಲೆ ಇನ್ನೆಂದೂ ರಾತ್ರಿ ದಾಳಿ ಮಾಡಿಸೋಲ್ಲ ಅಂತ ಆಮೇಲೆ ನಿರ್ಧಾರ ಮಾಡಿದ. ಕತ್ತಲಲ್ಲಿ ಹೊಂಚು ಹಾಕಿ ಬಂದವರು ಇಲ್ಲಿ ಯಾರು? ತಿಂಗಳ ನಂತರ, ಮೇ 4ರಂದು ಕೋಟೆ ಬಿದ್ದಾಗ ಟಿಪ್ಪು ಸತ್ತದ್ದು ಬಾಗಿಲಲ್ಲಿ ನಿಂತು ಕಾದಾಡುತ್ತಾ. ರಾತ್ರಿ ಪಂಜಿನ ಬೆಳಕಿನಲ್ಲಿ ಹೆಣಗಳ ರಾಶಿಯ ನಡುವೆ ಅವನ ದೇಹ ಹುಡುಕಿ ತೆಗೆದರು. ಅದೇ ರಾತ್ರಿ ಗೆದ್ದವರು ಊರಿಗೆ ಊರನ್ನೇ ದೋಚಿದರು. ಮರುದಿನ ಅಧಿಕಾರ ವಹಿಸಿಕೊಂಡ ವೆಲ್ಲೆಸ್ಲಿ ನಾಲ್ವರನ್ನು ನೇಣಿಗೆ ಹಾಕಿಸಿದ ಮೇಲೆಯೇ ಲೂಟಿ ನಿಂತದ್ದು.

ಟಿಪ್ಪು ಬಗ್ಗೆ ನಮ್ಮಲ್ಲೇ ಸಾವಿರ ಜಗಳ ಇದೆ, ಅದು ಇಲ್ಲಿ ಬೇಡ. ನನ್ನ ಮಾತು ಇಷ್ಟೇ. ಹೊಂಚು, ಧೈರ್ಯ, ಮೋಸ, ಲೂಟಿ ಇವು ಯಾವ ದಿಕ್ಕಿನವರ ಆಸ್ತಿಯೂ ಅಲ್ಲ. 1976ರ ಕೀಗನ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಅಜಿನ್‌ಕೋರ್ಟಿನಲ್ಲಿ ಇಂಗ್ಲೆಂಡಿನ ರಾಜ ಸೆರೆಸಿಕ್ಕವರನ್ನು ಕೊಲ್ಲಿಸಿದ್ದನ್ನು ಅವರು ಮುಚ್ಚಿಡದೆ, ಹೇಗೆ ನಡೆದಿರಬಹುದು ಅಂತ ಬಿಡಿಸಿ ಬಿಡಿಸಿ ಬರೆದಿದ್ದಾರೆ. ತನ್ನ ಆ ಪುಸ್ತಕವನ್ನು ಆತ ಇನ್ನೊಮ್ಮೆ ಓದಿಕೊಂಡಿದ್ದರೆ ಸಾಕಿತ್ತು.

ಆ ಪುಸ್ತಕದಲ್ಲೂ ತಪ್ಪಿಲ್ಲ ಅಂತಲ್ಲ. ಯುದ್ಧದಲ್ಲಿ ಬಹುಪಾಲು ಸೈನಿಕರು ಬಂದೂಕನ್ನು ಹಾರಿಸುವುದೇ ಇಲ್ಲ ಅಂತ ಹೇಳಿದ ಅಮೆರಿಕದ ಎಸ್.ಎಲ್.ಎ. ಮಾರ್ಷಲ್‌ನನ್ನು ಕೀಗನ್ ಬಹಳ ಮೆಚ್ಚಿದ್ದರು. ಮಾರ್ಷಲ್ ಕೊಟ್ಟ ಅಂಕಿಗಳಿಗೆ ಗಟ್ಟಿ ಆಧಾರವಿಲ್ಲ ಅಂತ 1980ರ ದಶಕದ ಕೊನೆಗೆ ಗೊತ್ತಾಯಿತು. ಆದರೂ ಪುಸ್ತಕ ನಿಲ್ಲುತ್ತೆ. ಯಾಕಂದ್ರೆ ಅದು ನಿಂತಿರೋದು 'ನನಗೆ ಗೊತ್ತಿಲ್ಲ' ಅನ್ನುವ ಒಪ್ಪಿಗೆಯ ಮೇಲೆ. ಗೊತ್ತಿಲ್ಲದವನು ಎಚ್ಚರದಿಂದ ಒಂದೊಂದೇ ಹೆಜ್ಜೆ ಇಡುತ್ತಾನೆ. ಮುಂದೆ ಎಲ್ಲರೂ ಅವರನ್ನು ಬಲ್ಲವರು ಅಂತ ಕರೆದು ಕೇಳೋಕೆ ಶುರುಮಾಡಿದ ಮೇಲೆ ಆ ಎಚ್ಚರ ಕಡಿಮೆಯಾಯಿತು ಅನ್ಸುತ್ತೆ.

2012ರ ಆಗಸ್ಟ್ 2ರಂದು, ವಿಲ್ಟ್‌ಶೈರ್‌ನ ಕಿಲ್ಮಿಂಗ್ಟನ್ ಅನ್ನೋ ಹಳ್ಳಿಯಲ್ಲಿ ಕೀಗನ್ ತೀರಿಕೊಂಡರು. ಅವರದೊಂದೇ ಪುಸ್ತಕ ಓದೋದಾದರೆ 'ದಿ ಫೇಸ್ ಆಫ್ ಬ್ಯಾಟಲ್' ಓದಿ. ಎರಡನೆಯದು ಬೇಕಂದ್ರೆ 'ಸಿಕ್ಸ್ ಆರ್ಮೀಸ್', ಅದರಲ್ಲೂ ಆ ಹುಡುಗ ಬರುವ ಮೊದಲ ಪುಟಗಳು. ಇರಾಕ್ ಪುಸ್ತಕವನ್ನು ಆಮೇಲೆ ಓದಿ, ಒಬ್ಬ ಒಳ್ಳೆಯ ಲೇಖಕ ತಾನೇ ಕಲಿಸಿದ ಪಾಠವನ್ನು ಹೇಗೆ ಮರೀತಾನೆ ಅಂತ ತಿಳಿಯೋಕೆ.

ನಮ್ಮ ದೊಡ್ಡಪ್ಪ ಹೋಗಿ ಹನ್ನೊಂದು ವರ್ಷವಾಯ್ತು. ಈಗ ಕೇಳಬೇಕು ಅನ್ನಿಸೋ ಪ್ರಶ್ನೆಗಳು ತುಂಬ ಇವೆ. ಆ ನದಿ ಎಷ್ಟು ಅಗಲ ಇತ್ತು, ರಾತ್ರಿ ಚಳಿಗೆ ಏನು ಹೊದ್ದುಕೊಳ್ತಿದ್ರಿ, ಪಕ್ಕದಲ್ಲಿ ಕೆಲಸ ಮಾಡ್ತಿದ್ದವರ ಹೆಸರೇನು, ಅವರೆಲ್ಲ ವಾಪಸ್ ಬಂದ್ರಾ. ಮೊನ್ನೆ ಊರಿಗೆ ಹೋದಾಗ ದೊಡ್ಡಮ್ಮನನ್ನ ಕೇಳಿದೆ, ದೊಡ್ಡಪ್ಪ ಯಾವತ್ತಾದರೂ ಯುದ್ಧದ ಬಗ್ಗೆ ಮಾತಾಡಿದ್ರಾ ಅಂತ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಇಲ್ಲಪ್ಪ. ಮಳೆಗಾಲದಲ್ಲಿ ಮಾತ್ರ ಮಕ್ಕಳ ಕಾಲು ಒದ್ದೆಯಾಗಿದ್ರೆ ಬಯ್ಯೋರು. ಒರೆಸಿ ಒಣಗಿಸೋವರೆಗೂ ಬಿಡ್ತಿರಲಿಲ್ಲ" ಅಂದರು.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ನಾನು ಫಾರ್ವರ್ಡ್ ಮಾಡಿದ್ದ ಆ ಎರಡು ಮ್ಯಾಪುಗಳನ್ನು ಗ್ರೂಪಿನಿಂದ ಡಿಲೀಟ್ ಮಾಡೋಕೆ ನೋಡಿದೆ. ಆಗಲಿಲ್ಲ, ಟೈಮ್ ಮೀರಿತ್ತು. ಇನ್ನೂ ಅಲ್ಲೇ ಇವೆ.